ಕೊಲ್ಹಾಪುರದ ಶಾಹು ಮಹಾರಾಜರು

ಹಾಜರಿ ಎಂಬ ಮಾತು ಈಗ ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿದ ಮಾತಾಗಿದೆ. ಮುಂಜಾನೆ ಗುರುಗಳು ಪುಸ್ತಕವನ್ನು ತೆರೆದು ಹೆಸರುಗಳನ್ನು ಕರೆಯುವರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಉತ್ತರ ಕೊಡುವರು. ಆದರೆ ನೂರು ವರುಷಗಳಿಗೆ ಹಿಂದೆ ಕೃಷ್ಣಾ ದೂಧಗಂಗಾ ನದಿಗಳ ಈ ಸೀಮೆಯಲ್ಲಿ ಅದೇ ಮಾತನ್ನು ಕೇಳಿದೊಡನೆ ತಲೆಯನ್ನು ತಗ್ಗಿಸುವ ಜನರಿದ್ದರು. ಅವರ ಹಾಜರಿಯು ಶಾಲೆಯಲ್ಲಿ ಅಲ್ಲ, ಊರ ಪಾಟೀಲನ ಮುಂದೆ ನಡೆಯುತ್ತಿತ್ತು. ತಾವು ಊರಲ್ಲಿಯೇ ಇದ್ದೇವೆ, ಎಲ್ಲಿಯೂ ಕಳವು ಮಾಡಲು ಹೋಗಲಿಲ್ಲ ಎಂಬದನ್ನು ತೋರಿಸುವದಕ್ಕಾಗಿ ಅವರು ತಪ್ಪದೆ ಚಾವಡಿಗೆ ಬಂದು ಹೆಸರು ಹೇಳಿ ಹೋಗಬೇಕಾಗಿತ್ತು. ಕಳವು ಮಾಡಿದವರಿಗೆ ಮಾತ್ರ ಈ ನಿಯಮವಿತ್ತೆಂದು ಎಣಿಸಬೇಡಿರಿ. ಕೆಲವು ಜಾತಿಗಳಲ್ಲಿ ಹುಟ್ಟಿದ್ದೇ ಸಾಕಾಗಿತ್ತು.

ಆ ಒಂದು ಪುಸ್ತಕವನ್ನು ಮುಚ್ಚಿ, ಈ ಇನ್ನೊಂದು ಪುಸ್ತಕವನ್ನು ತೆರೆದ ಅರಸರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಅವರು ನಮಗೆ ದೂರದವರಲ್ಲ. ಆ ಕಾಲದಲ್ಲಿ ಚಿಕ್ಕೋಡಿ ಅಥಣಿ ತಾಲೂಕುಗಳು ಇಂಗ್ಲಿಷ್ ಸರಕಾರದ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ನೇ ಇಸವಿಯಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಅಲ್ಲಿಯ ಕನ್ನಡ ಹಳ್ಳಿಗಳಿಗೆ ಕೊಲ್ಹಾಪುರದ ದೊರೆಯೇ ದೊರೆ; ಅಲ್ಲಿಂದ ಹೊರಟ ಹುಕುಮೇ ಹುಕುಮು.

ಜನನವೂ ವಿದ್ಯಾಭ್ಯಾಸವೂ

ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾಗಲ ಎಂಬ ಊರು ಉಂಟು. ಅಲ್ಲಿಯ ಜಹಗೀರುದಾರರಾದ ಜಯಸಿಂಗರಾವ ಘಾಟಗೆಯವರಿಗೆ 1874ನೇ ಇಸವಿ ಜೂನ್ ತಿಂಗಳ 26ನೇ ತಾರೀಖಿನಲ್ಲಿ ಒಬ್ಬ ಮಗನು ಹುಟ್ಟಿದನು. ಮಗುವಿಗೆ ಯಶವಂತರಾವ ಎಂದು ಹೆಸರಿಟ್ಟರು. ತಾಯಿಯಾದ ರಾಧಾಬಾಯಿಯವರು ಮುಧೋಳದ ಘೋರ್ಪಡೆ ಅರಸುಮನೆತನದ ಮಗಳಾದದರಿಂದ ಆ ಕೂಸು ಅರ್ಧ ಕನ್ನಡನಾಡಿನದೆಂದು ಹೇಳಿದರೆ ತಪ್ಪಾಗದು. ಆದರೆ ತಾಯಿಯು ಮಗನ ಎಳೆತನದಲ್ಲಿಯೇ ತೀರಿಕೊಂಡರು.

ಆಗ ಕೊಲ್ಹಾಪುರದ ಗಾದಿಗೆ ಸಂತಾನವಿರಲಿಲ್ಲ. ಆದದರಿಂದ ರಾಣಿಯವರಾದ ಆನಂದೀಬಾಯಿಯವರು 1884ನೇ ಇಸವಿ ಮಾರ್ಚ್ ತಿಂಗಳ 17ನೇ ತಾರೀಖಿನಲ್ಲಿ ಆ ಹುಡುಗನನ್ನು ದತ್ತಕ ತೆಗೆದುಕೊಂಡರು. ಅಂದಿನಿಂದ ಆತನಿಗೆ ಶಾಹು ಛತ್ರಪತಿ ಎಂಬ ಹೆಸರಾಯಿತು. ರಾಜಕುಮಾರರಿಗೆಂದು ಏರ್ಪಟ್ಟಿದ್ದ ರಾಜಕೋಟದ ಶಾಲೆಯಲ್ಲಿ ಕೆಲವು ವರುಷ ಓದಿದ ಮೇಲೆ 1890ರಿಂದ 1894ರ ವರೆಗೆ ಆತನು ನಮ್ಮ ಧಾರವಾಡದಲ್ಲಿಯೇ ಫ್ರೇಜರ್ ಎಂಬ ಇಂಗ್ಲಿಷ್ ಗುರುವಿನ ಕೈಕೆಳಗೆ ವಿದ್ಯಾಭ್ಯಾಸ ಮಾಡಿದನು. 1894ನೇ ಇಸವಿ ಎಪ್ರಿಲ್ 2ನೇ ತಾರೀಖಿನಲ್ಲಿ ರಾಜ್ಯದ ಅಧಿಕಾರವು ಆತನ ಕೈಗೆ ಒಪ್ಪಿಸಲ್ಪಟ್ಟಿತು. ಆಗ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಮಹಾರಾಜರು ಆಳಿನಲ್ಲಿ ದೊಡ್ಡವರು, ಕುಸ್ತಿಯಲ್ಲಿ ಆಸಕ್ತರು, ಬೇಟೆಯಲ್ಲಿ ನಿಪುಣರು. ಅರಮನೆಯಲ್ಲಿ ಕುಳಿತಿರುವದಕ್ಕಿಂತ ಕಾಡಿನಲ್ಲಿಯೂ ರೈತರ ಹೊಲಗಳಲ್ಲಿಯೂ ತಿರುಗಾಡುವದು ಅವರಿಗೆ ಇಷ್ಟವಾಗಿತ್ತು. ಹೀಗೆ ತಿರುಗಾಡುವವರ ಕಣ್ಣಿಗೆ ಬೀಳುವ ಸಂಗತಿಗಳು ಕಚೇರಿಯ ಕಾಗದಗಳಲ್ಲಿ ಕಾಣುವದಿಲ್ಲ.

ಬರಗಾಲವೂ ಅವಮಾನವೂ

ಪಟ್ಟಕ್ಕೆ ಬಂದ ಎರಡು ಮೂರು ವರುಷಗಳಲ್ಲಿಯೇ ದೊಡ್ಡ ಬರಗಾಲವೂ ಅದರ ಹಿಂದೆಯೇ ಪ್ಲೇಗ್ ಎಂಬ ಮಹಾವ್ಯಾಧಿಯೂ ಬಂದವು. ಮಹಾರಾಜರು ಅಗ್ಗದ ಧಾನ್ಯದ ಅಂಗಡಿಗಳನ್ನು ತೆರೆಯಿಸಿ, ಕೆಲಸವಿಲ್ಲದವರಿಗೆ ಕಾಮಗಾರಿಗಳನ್ನು ಒದಗಿಸಿ, ತಾವೇ ಹಳ್ಳಿಗಳನ್ನು ಸುತ್ತಿ ನೋಡಿದರು. ಹಸಿದ ಮನುಷ್ಯನು ಏನು ಮಾಡಲಿಕ್ಕೆ ತಯಾರಾಗುವನೆಂಬದನ್ನು ಬರಗಾಲದಲ್ಲಿ ಆಳುವವನು ಚೆನ್ನಾಗಿ ತಿಳಿದುಕೊಳ್ಳುತ್ತಾನೆ. ಬರದಲ್ಲಿ ಒಂದು ಚೀಲ ಜೋಳವನ್ನು ಕದ್ದವನು ಹುಟ್ಟಾ ಕಳ್ಳನಲ್ಲ. ಆದರೆ ಅವನ ಹೆಸರು ಒಮ್ಮೆ ಪೋಲೀಸರ ಪುಸ್ತಕದಲ್ಲಿ ಬಂದ ಮೇಲೆ ಮಳೆ ಬಂದು ಬೆಳೆ ಬೆಳೆದರೂ ಆ ಹೆಸರು ಅಲ್ಲಿಂದ ಅಳಿದುಹೋಗುವದಿಲ್ಲ.

ಅದೇ ದಿನಗಳಲ್ಲಿ ಮಹಾರಾಜರಿಗೇ ಒಂದು ಅವಮಾನವು ಉಂಟಾಯಿತು. ಪಂಚಗಂಗಾ ನದಿಯಲ್ಲಿ ಅವರು ಸ್ನಾನ ಮಾಡುವಾಗ ಪುರೋಹಿತನು ಹೇಳುತ್ತಿದ್ದದ್ದು ವೇದಮಂತ್ರವಲ್ಲ, ಶೂದ್ರರಿಗೆ ಹೇಳತಕ್ಕ ಪುರಾಣಮಂತ್ರವೆಂದು ಗೊತ್ತಾಯಿತು. ಕಾರಣ ಕೇಳಿದರೆ ಅರಸನಾದರೂ ಹುಟ್ಟಿನಿಂದ ಶೂದ್ರನೇ ಎಂಬ ಉತ್ತರ ಬಂದಿತು. ಈ ವ್ಯಾಜ್ಯವು ಹಲವು ವರುಷ ನಡೆಯಿತು. ಅದರ ವಿವರಗಳನ್ನು ಇಲ್ಲಿ ಹೇಳುವ ಅವಶ್ಯವಿಲ್ಲ. ತಾನು ಮಾಡಿದ್ದರಿಂದಲ್ಲ, ಹುಟ್ಟಿದ್ದರಿಂದಲೇ ಮನುಷ್ಯನನ್ನು ಅಳೆಯುವ ಅಳತೆಗೋಲು ಎಂಥದೆಂಬದನ್ನು ಸಿಂಹಾಸನದ ಮೇಲೆ ಕುಳಿತವರೂ ಒಮ್ಮೆ ಅನುಭವಿಸಿದರೆಂಬದಿಷ್ಟೇ ನಮ್ಮ ಗಮನಕ್ಕೆ ಸಾಕು. 1902ನೇ ಇಸವಿ ಜುಲೈ 26ನೇ ತಾರೀಖಿನ ಹುಕುಮಿನಿಂದ ಅವರು ತಮ್ಮ ಸಂಸ್ಥಾನದಲ್ಲಿ ಖಾಲಿಯಾಗುವ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ವರ್ಗದವರಿಗಾಗಿ ತೆಗೆದಿಟ್ಟರು.

ರೊಟ್ಟಿಯೂ ಹಾಸಿಗೆಯೂ

ನೌಕರಿಯನ್ನು ತೆಗೆದಿಟ್ಟರೆ ಸಾಲದು. ಅದಕ್ಕೆ ತಕ್ಕ ಓದು ಬೇಕು. ಓದಿಗೆ ಏನು ಅಡ್ಡಿಯೆಂದು ಮಹಾರಾಜರು ವಿಚಾರಿಸಲಾಗಿ ಶಾಲೆಯ ಫೀಗಿಂತ ದೊಡ್ಡ ಅಡ್ಡಿಯೊಂದು ತೋರಿಬಂತು. ಹಳ್ಳಿಯ ಹುಡುಗನು ದೊಡ್ಡ ಶಾಲೆಯಿರುವ ಊರಿಗೆ ಹೋದರೆ ಎಲ್ಲಿ ಮಲಗಬೇಕು? ಏನು ತಿನ್ನಬೇಕು? ಪೇಟೆಯಲ್ಲಿ ಬಂಧುಗಳಿದ್ದವನಿಗೆ ಓದು ಉಂಟು, ಇಲ್ಲದವನಿಗೆ ಇಲ್ಲ. ಆದದರಿಂದ ಅವರು ಕೊಲ್ಹಾಪುರದಲ್ಲಿ ಒಂದರ ಹಿಂದೆ ಒಂದು ಬೋರ್ಡಿಂಗುಗಳು ಹುಟ್ಟುವದಕ್ಕೆ ಆಧಾರವಾದರು. 1901ರಲ್ಲಿ ಮರಾಠರ ಬೋರ್ಡಿಂಗೂ ಜೈನರ ಬೋರ್ಡಿಂಗೂ, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆಂದು ದೂರ ಇಡಲ್ಪಟ್ಟ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಎಂಬ ಹೆಸರಿನ ಬೋರ್ಡಿಂಗು, ಹೀಗೆ ಅವು ಬೆಳೆದವು.

ಇವುಗಳಿಗೆ ಹಣವು ಹೇಗೆ ಬಂದಿತೆಂಬದು ಗಮನಕ್ಕೆ ತಕ್ಕದ್ದು. ಮಹಾರಾಜರು ಒಂದು ಸಾರಿ ಕೈತುಂಬ ಕೊಟ್ಟು ಹೊಗಳಿಸಿಕೊಂಡು ಸುಮ್ಮನಾಗಲಿಲ್ಲ. ಸ್ಥಳ ಕೊಟ್ಟರು, ಕಟ್ಟಡಕ್ಕೆ ನೆರವು ಕೊಟ್ಟರು, ವರುಷವರುಷವೂ ಬರತಕ್ಕ ಆದಾಯವನ್ನು ಗೊತ್ತುಮಾಡಿದರು. ಉಳಿದದ್ದನ್ನು ಆಯಾ ಸಮಾಜದವರೇ ಕೂಡಿಸಿ ನಡಿಸುವ ಹಾಗೆ ಅವರ ಮೇಲೆ ಭಾರ ಹಾಕಿದರು. ಭಿಕ್ಷೆಯು ಒಂದು ಹೊತ್ತಿನದು, ಉತ್ಪನ್ನವು ತಲೆಮಾರಿನದು.

1917ನೇ ಇಸವಿಯಲ್ಲಿ ಅವರು ಇನ್ನೂ ದೊಡ್ಡ ಹೆಜ್ಜೆಯನ್ನಿಟ್ಟರು. ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವು ಫೀ ಇಲ್ಲದ್ದೂ ಕಡ್ಡಾಯವಾದದ್ದೂ ಆಗಬೇಕೆಂದು ಕಾನೂನು ಮಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ತಿಂಗಳಿಗೆ 1 ರೂಪಾಯಿ ದಂಡ ಎಂದು ಗೊತ್ತುಮಾಡಿದರು. ಆ ಕಾಲದ ಕೂಲಿಯವನಿಗೆ ಒಂದು ರೂಪಾಯಿಯು ಸಣ್ಣ ಹಣವಲ್ಲ. 1919ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿದ್ದ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಒಟ್ಟಾಗಿ ಕುಳಿತುಕೊಳ್ಳಬೇಕೆಂದು ಆಜ್ಞಾಪಿಸಿದರು.

ಚಾವಡಿಯ ಹಾಜರಿ

ಇಷ್ಟೆಲ್ಲಾ ಮಾಡಿದರೂ ಒಂದು ಗಂಟು ಬಿಚ್ಚದೆ ಉಳಿದಿತ್ತು. ಮಹಾರರು, ಮಾಂಗರು, ರಾಮೋಶಿಗಳು, ಬೇರಡರು ಎಂಬ ನಾಲ್ಕು ಪಂಗಡದವರು ಚಾವಡಿಯಲ್ಲಿ ಹಾಜರಿ ಕೊಡಬೇಕೆಂಬ ಪದ್ಧತಿಯು ಸಂಸ್ಥಾನದಲ್ಲಿ ನಡೆಯುತ್ತಿತ್ತು. ಬೇರಡರೆಂದರೆ ಯಾರೋ ಪರದೇಶಿಗಳಲ್ಲ, ನಮ್ಮ ಬೇಡರೇ. 1857ನೇ ಇಸವಿಯಲ್ಲಿ ಆಯುಧಗಳನ್ನು ಒಪ್ಪಿಸುವದಿಲ್ಲವೆಂದು ಇಂಗ್ಲಿಷ್ ಸರಕಾರಕ್ಕೆ ಎದುರು ನಿಂತು ಸುಡಲ್ಪಟ್ಟ ಹಲಗಲಿಯ ಬೇಡರ ಸಂಗತಿಯು ನಮ್ಮ ಲಾವಣಿಗಾರರಿಗೆ ತಿಳಿದದ್ದೇ. ಆ ಹಲಗಲಿಯು ಮಹಾರಾಜರ ತಾಯಿಯ ತವರಾದ ಮುಧೋಳ ಸೀಮೆಯಲ್ಲಿಯೇ ಇದೆ. ಕೈಯಲ್ಲಿ ಆಯುಧ ಹಿಡಿದು ಕೋಟೆ ಕಾಯ್ದವರು, ಕೋಟೆಗಳೂ ಪಾಳೆಯಗಳೂ ಹೋದ ಮೇಲೆ ಅನ್ನ ಹೋಗಿ, ಅನ್ನದ ಹಿಂದೆ ಮರ್ಯಾದೆಯೂ ಹೋಗಿ, ಸಂಶಯಕ್ಕೆ ಗುರಿಯಾದರು.

ಈ ಹಾಜರಿಯಿಂದ ಆಗುತ್ತಿದ್ದ ಕೇಡನ್ನು ಸ್ವಲ್ಪ ಆಲೋಚಿಸೋಣ. ದಿನಾಲು ತನ್ನ ಊರಲ್ಲಿಯೇ ಮುಖ ತೋರಿಸಬೇಕಾದವನು ನಾಲ್ಕು ಹರದಾರಿಯ ಆಚೆಗೆ ಕೂಲಿಗೆ ಹೋಗಲಾರನು. ಕೂಲಿಯಿಲ್ಲದ ಮನೆಯಲ್ಲಿ ಕೂಳಿಲ್ಲ. ಹಾಜರಿ ತಪ್ಪಿದರೆ ಶಿಕ್ಷೆ. ತಪ್ಪದೆ ಇದ್ದರೂ ಊರಲ್ಲಿ ಒಂದು ಕೋಳಿ ಕಾಣೆಯಾದರೆ ಮೊದಲು ಅವನ ಗುಡಿಸಲಿನ ಝಡತಿ. ತಂದೆಯನ್ನು ಹೀಗೆ ಕರೆಯುವದನ್ನು ನೋಡುತ್ತ ಬೆಳೆದ ಹುಡುಗನು ಶಾಲೆಯಲ್ಲಿ ಎದ್ದು ತನ್ನ ಹೆಸರು ಹೇಳುವದಕ್ಕೆ ಹೇಗೆ ಧೈರ್ಯಗೊಳ್ಳುವನು? ಕಳವನ್ನು ತಡೆಯುವದಕ್ಕೆ ಮಾಡಿದ ನಿಯಮವು ಕಳವಿನ ಹೊರತು ಬೇರೆ ದಾರಿಯನ್ನು ಉಳಿಸಲಿಲ್ಲ. ಹೀಗಿರಲಾಗಿ ಸಾವಿರ ರೂಪಾಯಿಯ ವಿದ್ಯಾರ್ಥಿವೇತನವನ್ನು ಇಟ್ಟರೂ ಅದನ್ನು ಕೇಳಲಿಕ್ಕೆ ಅಂಥ ಮನೆಯಿಂದ ಯಾರೂ ಬರುವಂತಿರಲಿಲ್ಲ.

ಆದದರಿಂದ 1918ನೇ ಇಸವಿಯಲ್ಲಿ ಶಾಹು ಮಹಾರಾಜರು ಈ ನಾಲ್ಕು ಪಂಗಡದವರ ಹಾಜರಿಯನ್ನು ರದ್ದುಮಾಡಿದರು. ಅದೇ ವರುಷದಲ್ಲಿ ಬಿಟ್ಟಿ ದುಡಿಮೆಗೆ ಕಟ್ಟಿಹಾಕಿದ್ದ ಮಹಾರ ವತನವನ್ನೂ ತೆಗೆದುಹಾಕಿ ಆ ಭೂಮಿಗಳನ್ನು ಅವರವರ ಹೆಸರಿಗೆ ಮಾಡಿಕೊಟ್ಟರು. ಕುಲಕರ್ಣಿ ವತನವನ್ನು ನಿಲ್ಲಿಸಿ ಸಂಬಳದ ತಲಾಟಿಗಳನ್ನು ನೇಮಿಸುವಾಗ ಅಸ್ಪೃಶ್ಯರಲ್ಲಿ ಓದಿದವರನ್ನೂ ಆ ಕೆಲಸಕ್ಕೆ ತಯಾರು ಮಾಡಿಸಿದರು. ಅಂತೂ ಊರ ದಫ್ತರದಲ್ಲಿ ಯಾರ ಹೆಸರು ಸಂಶಯದಿಂದ ಬರೆಯಲ್ಪಡುತ್ತಿತ್ತೋ ಅವರ ಕೈಗೇ ಆ ದಫ್ತರದ ಲೇಖಣಿಯು ಬರುವದಕ್ಕೆ ದಾರಿಯಾಯಿತು.

ಅದೇ ಕಾಲದಲ್ಲಿ ಗಡಿಯ ಆಚೆ ಏನು ನಡೆಯುತ್ತಿತ್ತೆಂದು ನೋಡಿದರೆ ಈ ಹುಕುಮಿನ ಬೆಲೆ ತಿಳಿಯುವದು. ಇಂಗ್ಲಿಷ್ ಸರಕಾರವು 1871ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಆರಂಭಿಸಿದ ಅಪರಾಧಿ ಬುಡಕಟ್ಟುಗಳ ಕಾನೂನನ್ನು 1911ರಲ್ಲಿ ವಿಸ್ತರಿಸಿ ಮುಂಬಯಿ ಇಲಾಖೆಯಲ್ಲಿಯೂ ಜಾರಿಗೆ ತಂದಿತ್ತು. ವಿಜಾಪುರ, ಹುಬ್ಬಳ್ಳಿ, ಗದಗ, ಸೋಲಾಪುರ ಮೊದಲಾದ ಸ್ಥಳಗಳಲ್ಲಿ ವಸಾಹತುಗಳು ಹುಟ್ಟಿದವು. ಅಲ್ಲಿ ಗಿರಣಿಯ ಕೆಲಸವಿತ್ತು, ಶಾಲೆಯೂ ಇತ್ತು. ಆದರೆ ಸುತ್ತಲೂ ತಂತಿಯ ಬೇಲಿಯೂ ಹಾಜರಿಯೂ ಇದ್ದವು. ಸೋಲಾಪುರದ ವಸಾಹತನ್ನು ಅಮೇರಿಕನ್ ಮರಾಠಿ ಮಿಷನ್ನಿನವರು ಕೆಲಕಾಲ ನಡಿಸಿದರು. ಅವರು ಮಕ್ಕಳಿಗೆ ಪ್ರೀತಿಯಿಂದ ಕಲಿಸಿದ್ದು ನಿಜ. ಆ ಬೇಲಿಯ ಒಳಗೇ ಕಲಿಸಿದ್ದೂ ನಿಜ. ಮಿಷನ್ನಿನವರಾದ ನಾವು ಎರಡನ್ನೂ ಜ್ಞಾಪಕದಲ್ಲಿಡತಕ್ಕದ್ದು. ಮೊದಲು ಬೇಲಿಯನ್ನು ತೆಗೆದು ಆಮೇಲೆ ಶಾಲೆಗೆ ಕರೆಯಬೇಕೆಂಬ ಕ್ರಮವು ಆ ದಿನಗಳಲ್ಲಿ ಬಹು ಮಂದಿಗೆ ತೋಚಲಿಲ್ಲ.

ಹರಣಶಿಕಾರಿಗಳು

ನಮ್ಮ ಕಡೆಯಲ್ಲಿ ಹರಣಶಿಕಾರಿಗಳೆಂದೂ ಚಿಗರಿ ಬೇಟೆಗಾರರೆಂದೂ ಕರೆಯಲ್ಪಡುವ ಜನರು ಮರಾಠಿ ಸೀಮೆಯಲ್ಲಿ ಫಾಸೆ ಪಾರಧಿಗಳು. ಫಾಸೆ ಎಂದರೆ ಉರುಲು. ಉರುಲು ಒಡ್ಡಿ ಜಿಂಕೆಯನ್ನೂ ಹಕ್ಕಿಯನ್ನೂ ಹಿಡಿಯುವದು ಅವರ ಕುಲದ ಕಸುಬು. ಕಾಡು ಕಡಿಮೆಯಾಗಿ ಹೊಲ ಹೆಚ್ಚಿದಾಗ ಆ ಕಸುಬು ನಿಂತಿತು. ನೆಲವಿಲ್ಲದೆ, ಊರಿಲ್ಲದೆ, ನಂಬುವವರಿಲ್ಲದೆ ಅವರು ಅಲೆದರು; ಕಳವಿಗೂ ಇಳಿದರು. ಕಂಡಲ್ಲಿ ಹಿಡಿಯುವದೂ ಹೊಡೆಯುವದೂ ಪೋಲೀಸರ ಪದ್ಧತಿಯಾಗಿತ್ತು.

ತಾವೇ ಬೇಟೆಗಾರರಾದ ಮಹಾರಾಜರು ಈ ಜನರ ಜಾಣ್ಮೆಯನ್ನು ಬಲ್ಲವರಾಗಿದ್ದರು. ಅವರು ಪಾರಧಿಗಳನ್ನು ತಮ್ಮ ಬಳಿಗೆ ಕರೆಯಿಸಿ ಅನ್ನ ಕೊಟ್ಟು, ಇರಲಿಕ್ಕೆ ಸ್ಥಳ ಕೊಟ್ಟು, ಕಟ್ಟಡದ ಕಾಮಗಾರಿಗಳಲ್ಲಿ ಕೆಲಸ ಕೊಟ್ಟರು. ಇಷ್ಟಕ್ಕೇ ನಿಲ್ಲದೆ ಅವರಲ್ಲಿ ಕೆಲವರನ್ನು ತಮ್ಮ ಸೋನತಳಿಯ ಬೀಡಿನಲ್ಲಿ ಪಹರೆಯ ಕೆಲಸಕ್ಕೆ ಇಟ್ಟುಕೊಂಡರು. ಊರೆಲ್ಲಾ ಬಾಗಿಲು ಹಾಕಿಕೊಳ್ಳುವದು ಯಾರಿಗೆ ಹೆದರಿಯೋ ಅವರ ಕಾವಲಿನಲ್ಲಿ ಅರಸರು ನಿದ್ರೆ ಮಾಡಿದರು. ದಾನ ಕೊಡುವದು ಐಶ್ವರ್ಯವಂತನಿಗೆ ಕಷ್ಟವಲ್ಲ. ಕಳ್ಳನೆನಿಸಿಕೊಂಡವನ ಕೈಗೆ ಬೀಗದ ಕೈಯನ್ನು ಕೊಡುವದೇ ಕಷ್ಟ. ಹಾಗೆ ಕೊಡದೆ ಇದ್ದರೆ ಕೊಟ್ಟ ಅನ್ನವೂ ಅವನನ್ನು ಬದಲಿಸುವದಿಲ್ಲ.

ಗಂಗಾರಾಮನ ಚಹದಂಗಡಿ

ಗಂಗಾರಾಮ ಕಾಂಬಳೆ ಎಂಬವನ ಸಂಗತಿಯು ಕೊಲ್ಹಾಪುರದಲ್ಲಿ ಮನೆಮಾತಾಗಿದೆ. ಆತನು ಮಹಾರ ಜಾತಿಯವನು. ಅರಮನೆಯ ಕುದುರೆಲಾಯದಲ್ಲಿ ಕೆಲಸಕ್ಕಿದ್ದನು. ಮೇಲಿನ ಜಾತಿಯವರ ನೀರಿನ ತೊಟ್ಟಿಯನ್ನು ಮುಟ್ಟಿದನೆಂಬ ಅಪರಾಧಕ್ಕಾಗಿ ಜೊತೆಯ ಚಾಕರರು ಅವನನ್ನು ಕ್ರೂರವಾಗಿ ಹೊಡೆದರು. ಮಹಾರಾಜರಿಗೆ ಇದು ತಿಳಿದಾಗ ಅವರು ಬಹಳವಾಗಿ ನೊಂದು, ಹೊಡೆದವರನ್ನು ಶಿಕ್ಷಿಸಿ, ಗಂಗಾರಾಮನು ಸ್ವಂತ ಉದ್ಯೋಗ ಮಾಡಲಿಕ್ಕೆ ಹಣದ ಸಹಾಯ ಮಾಡಿದರು. ಅವನು ಊರೊಳಗೆ ಒಂದು ಚಹದಂಗಡಿಯನ್ನು ತೆರೆದನು. ಆದರೆ ಅವನ ಕೈಯ ಚಹವನ್ನು ಕುಡಿಯುವವರು ಯಾರು?

ಬಂಡವಾಳವನ್ನು ಕೊಟ್ಟರೂ ಗಿರಾಕಿಗಳನ್ನು ಕೊಡದಿದ್ದರೆ ಅಂಗಡಿಯು ನಡೆಯದೆಂಬದನ್ನು ಮಹಾರಾಜರು ಅರಿತರು. ಅವರು ಸವಾರಿ ಹೊರಟಾಗ ತಮ್ಮ ಬಂಡಿಯನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ ಗಂಗಾರಾಮನಿಂದ ಚಹ ತರಿಸಿ ಎಲ್ಲರೂ ನೋಡುವಂತೆ ಕುಡಿಯುತ್ತಿದ್ದರು. ಜೊತೆಯಲ್ಲಿದ್ದ ಸರದಾರರಿಗೂ ಕುಡಿಸುತ್ತಿದ್ದರು. ಅರಸರು ಕುಡಿದ ಮೇಲೆ ಪೇಟೆಯವರು ಏನು ಹೇಳಿಯಾರು?

ಡಾಂಬರಿನ ಮೊಕದ್ದಮೆ

ಸತ್ಪುರುಷರ ಚರಿತ್ರೆಯನ್ನು ಬರೆಯುವಾಗ ಅವರ ರಾಜ್ಯದಲ್ಲಿ ನಡೆದ ಅನ್ಯಾಯವನ್ನು ಮುಚ್ಚುವದು ಸರಿಯಲ್ಲ. 1914ನೇ ಇಸವಿಯಲ್ಲಿ ಕೊಲ್ಹಾಪುರದಲ್ಲಿ ಯಾರೋ ಇಂಗ್ಲಿಷ್ ಚಕ್ರವರ್ತಿಯ ಪ್ರತಿಮೆಗೆ ಡಾಂಬರು ಬಳಿದರು. ಜೈನ ಬೋರ್ಡಿಂಗಿನ ಮುಖ್ಯಸ್ಥರಾಗಿದ್ದ ಅಣ್ಣಾಸಾಹೇಬ ಲಠ್ಠೆಯವರ ಮೇಲೆ ಸಂಶಯವು ಹೊರಿಸಲ್ಪಟ್ಟಿತು. ಅವರ ವಿರುದ್ಧ ಸಾಕ್ಷಿ ಹೇಳಬೇಕೆಂದು ಪೋಲೀಸರು ಅದೇ ಬೋರ್ಡಿಂಗಿನಲ್ಲಿ ಓದಿದ್ದ ಭಾವುರಾವ ಪಾಟೀಲ ಎಂಬ ಜೈನ ತರುಣನನ್ನು ಒತ್ತಾಯಪಡಿಸಿದರು. ಆತನು ಸುಳ್ಳು ಸಾಕ್ಷಿ ಹೇಳಲಿಕ್ಕೆ ಒಪ್ಪಲಿಲ್ಲ. ಅದಕ್ಕಾಗಿ ಸೆರೆಮನೆಗೆ ಹಾಕಲ್ಪಟ್ಟು, ಹಿಂಸೆಗೊಳಗಾಗಿ, ಪ್ರಾಣವನ್ನೇ ತೆಗೆದುಕೊಳ್ಳುವಷ್ಟು ನಿರಾಶೆಗೊಂಡನು. ಕೊನೆಗೆ ಬಿಡುಗಡೆಯಾದರೂ ಸೆರೆಮನೆಗೆ ಹೋಗಿ ಬಂದವನೆಂಬ ಮಾತು ಅವನನ್ನು ಹಿಂಬಾಲಿಸತಕ್ಕದ್ದೇ ಆಗಿತ್ತು. ಲಠ್ಠೆಯವರು ಕೊಲ್ಹಾಪುರವನ್ನು ಬಿಟ್ಟು ನಮ್ಮ ಬೆಳಗಾವಿಗೆ ಬಂದು ವಕೀಲಿ ಮಾಡಿದರು.

ಈ ಇಬ್ಬರೂ ಮುಂದೆ ಏನು ಮಾಡಿದರು? ಲಠ್ಠೆಯವರು ಮಹಾರಾಜರು ತೀರಿಕೊಂಡ ಮೇಲೆ 1924ರಲ್ಲಿ ಅವರ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದರು. 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸಿನ ಮಂತ್ರಿಗಳಾದರು. ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗನ್ನು ತೆರೆದರು. ಹುಡುಗರು ಅಲ್ಲಿ ದುಡಿಯುತ್ತ ಓದಿದರು. ಕಣಜದಲ್ಲಿ ಕಾಳು ತೀರಿದಾಗ ಪತ್ನಿಯಾದ ಲಕ್ಷ್ಮೀಬಾಯಿಯವರು ಒಡವೆಗಳನ್ನೂ ಕಡೆಗೆ ಮಂಗಳಸೂತ್ರವನ್ನೂ ಮಾರಿ ಹುಡುಗರಿಗೆ ಉಣ್ಣಿಸಿದರು. ಆ ಬೋರ್ಡಿಂಗಿಗೆ ಭಾವುರಾವರು ಯಾರ ಹೆಸರಿಟ್ಟರು? 1927ರಲ್ಲಿ ಮಹಾತ್ಮಾ ಗಾಂಧಿಯವರ ಕೈಯಿಂದ ಶಾಹು ಛತ್ರಪತಿಯವರ ಹೆಸರನ್ನೇ ಇಡಿಸಿದರು.

ಶಾಹು ಮಹಾರಾಜರ ಊರಲ್ಲಿ ಸೆರೆಮನೆಯನ್ನು ಕಂಡವನು ಅದೇ ಊರಲ್ಲಿ ಬೋರ್ಡಿಂಗನ್ನೂ ಕಂಡಿದ್ದನು. ಎರಡರಲ್ಲಿ ಯಾವದನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಆತನೇ ಆರಿಸಿಕೊಂಡನು. ಎರಡನೆಯ ಅವಕಾಶವನ್ನು ದೊಡ್ಡವರು ಮಾತ್ರ ಚಿಕ್ಕವರಿಗೆ ಕೊಡುವದಲ್ಲ. ಕೆಲವು ಸಾರಿ ನೊಂದವನೇ ಅದನ್ನು ನೋಯಿಸಿದ ರಾಜ್ಯಕ್ಕೆ ಕೊಡುತ್ತಾನೆ.

ಕಡೇ ವರುಷಗಳು

1920ನೇ ಇಸವಿಯ ಹೊತ್ತಿಗೆ ಮಹಾರಾಜರಿಗೆ ಡಾಕ್ಟರ್ ಅಂಬೇಡಕರರ ಪರಿಚಯವಾಗಿತ್ತು. ಅವರ ಮೂಕನಾಯಕ ಪತ್ರಿಕೆಗೆ 2,500 ರೂಪಾಯಿಗಳನ್ನು ಕೊಟ್ಟರು. ಆ ವರುಷದ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವ ಎಂಬ ಹಳ್ಳಿಯಲ್ಲಿ ಅಂಬೇಡಕರರ ಅಧ್ಯಕ್ಷತೆಯಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿದಾಗ ಮಹಾರಾಜರು ತಾವೇ ಅಲ್ಲಿಗೆ ಹೋಗಿ, ಈತನೇ ನಿಮ್ಮ ಮುಂದಾಳುವೆಂದು ಜನರಿಗೆ ತೋರಿಸಿಕೊಟ್ಟರು. ಅದೇ ವರುಷ ಅಂಬೇಡಕರರು ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಲಿಕ್ಕೆ ಲಂಡನ್ನಿಗೆ ಹೊರಟಾಗಲೂ ಮಹಾರಾಜರ ಸಹಾಯವು ದೊರೆಯಿತು.

1922ನೇ ಇಸವಿ ಮೇ ತಿಂಗಳ 6ನೇ ತಾರೀಖಿನಲ್ಲಿ ಶಾಹು ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು. ಅವರ ವಯಸ್ಸು ಆಗ 47. ಇಪ್ಪತ್ತೆಂಟು ವರುಷ ಆಳಿದರು.

ಬಿತ್ತಿದ ಕಾಳು

ಅವರ ತರುವಾಯ ಆ ಕೆಲಸವು ನಮ್ಮ ಸೀಮೆಯ ಒಳಕ್ಕೇ ಬಂದಿತು. 1925ರಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅಂಬೇಡಕರರ ಅಧ್ಯಕ್ಷತೆಯಲ್ಲಿ ಕೂಡಿತು. ಅವರ ಅನುಯಾಯಿಯಾದ ಬಲವಂತರಾವ ವರಾಳೆಯವರು ಶಾಹು ಮಹಾರಾಜರು ಓದಿದ ಧಾರವಾಡದಲ್ಲಿಯೇ ಬಡ ಹುಡುಗರಿಗಾಗಿ ವಿದ್ಯಾರ್ಥಿನಿಲಯವನ್ನು ನಡಿಸಿದರು. ಅವರ ಮೊಮ್ಮಗನಾಗಿ ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆಯವರು 2024ನೇ ಇಸವಿ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1928ರಲ್ಲಿ ಮುಂಬಯಿ ಸರಕಾರವು, ಅಪರಾಧಿಗಳೆನಿಸಿದವರ ವಸಾಹತುಗಳ ಅಧಿಕಾರಿಯಾಗಿದ್ದ ಸ್ಟಾರ್ಟೆ ಸಾಹೇಬರನ್ನು ಮುಖ್ಯಸ್ಥರನ್ನಾಗಿಯೂ ಅಂಬೇಡಕರರನ್ನು ಒಬ್ಬ ಸದಸ್ಯರನ್ನಾಗಿಯೂ ಮಾಡಿ ಹಿಂದುಳಿದವರ ಸ್ಥಿತಿಯನ್ನು ವಿಚಾರಿಸಲಿಕ್ಕೆ ಒಂದು ಸಮಿತಿಯನ್ನು ನೇಮಿಸಿತು. 1930ರಲ್ಲಿ ಬಂದ ಅದರ ವರದಿಯಲ್ಲಿ ವಿದ್ಯಾರ್ಥಿವೇತನಗಳೂ ವಿದ್ಯಾರ್ಥಿನಿಲಯಗಳೂ ಹೆಚ್ಚಬೇಕೆಂದು ಬರೆಯಲ್ಪಟ್ಟಿತು. ಅಂದರೆ ಶಾಹು ಮಹಾರಾಜರು 1901ರಲ್ಲಿ ಹಿಡಿದ ದಾರಿಯೇ.

ಅಪರಾಧಿ ಬುಡಕಟ್ಟುಗಳ ಕಾನೂನು 1952ನೇ ಇಸವಿ ಆಗಸ್ಟ್ 31ನೇ ತಾರೀಖಿಗೆ ದೇಶದಲ್ಲೆಲ್ಲಾ ರದ್ದಾಯಿತು. ಕೊಲ್ಹಾಪುರದ ಹುಕುಮು ಹೊರಟು ಆಗ ಮೂವತ್ತನಾಲ್ಕು ವರುಷಗಳಾಗಿದ್ದವು. ಆದರೆ ಕಾನೂನು ಹೋದ ಮಾತ್ರಕ್ಕೆ ಪುಸ್ತಕವೆಲ್ಲಾ ಹೋಗಲಿಲ್ಲ. ಪದೇ ಪದೇ ಅಪರಾಧ ಮಾಡುವವರೆಂಬ ಹೆಸರಿನಲ್ಲಿ ಬೇರೆ ಕಾನೂನುಗಳು ಬಂದವು. ಸೆರೆಮನೆಗಳ ದಾಖಲೆಗಳಲ್ಲಿ ಜಾತಿಯ ಅಂಕಣವು ಉಳಿಯಿತು. 2024ನೇ ಇಸವಿ ಅಕ್ಟೋಬರ್ 3ನೇ ತಾರೀಖಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಯ ದಾಖಲೆಗಳಿಂದ ಆ ಅಂಕಣವನ್ನು ತೆಗೆದುಹಾಕಬೇಕೆಂದೂ, ಈ ಬುಡಕಟ್ಟುಗಳಲ್ಲಿ ಹುಟ್ಟಿದ ಮಾತ್ರಕ್ಕೆ ಯಾರನ್ನೂ ರೂಢಿಗತ ಅಪರಾಧಿಯೆಂದು ಎಣಿಸಕೂಡದೆಂದೂ ತೀರ್ಪು ಕೊಟ್ಟಿತು. ಹುಬ್ಬಳ್ಳಿಯಲ್ಲಿ ಒಂದು ಓಣಿಯನ್ನು ಜನರು ಇಂದಿಗೂ ಸೆಟಲ್‌ಮೆಂಟ್ ಎಂದೇ ಕರೆಯುವರು. ಬೇಲಿ ಹೋದರೂ ಹೆಸರು ಉಳಿದಿದೆ.

ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಏನು? ನಮ್ಮಲ್ಲಿ ಯಾರೂ ಅರಸರಲ್ಲ; ಕಾನೂನು ಮಾಡುವ ಅಧಿಕಾರವು ನಮಗಿಲ್ಲ. ಆದರೆ ಪ್ರತಿ ಊರಲ್ಲಿಯೂ ಬರೆಯದ ಒಂದು ಹಾಜರಿ ಪುಸ್ತಕವು ಉಂಟು. ಹಿಂಡಲಗಿಯ ಜೈಲಿನಿಂದ ಶಿಕ್ಷೆ ತೀರಿಸಿಕೊಂಡು ಬಂದವನ ಹೆಸರು ಅದರಲ್ಲಿ ಇರುವದು. ಅವನ ಹೆಂಡತಿಯ ಹೆಸರೂ, ಶಾಲೆಗೆ ಹೋಗುವ ಅವನ ಮಗಳ ಹೆಸರೂ ಇರುವವು. ನಾವು ಬಾವಿಯ ಕಟ್ಟೆಯ ಮೇಲೆ, ಸಂತೆಯ ದಾರಿಯಲ್ಲಿ, ಗುಡಿಯ ಬಾಗಿಲಲ್ಲಿ ಆ ಪುಸ್ತಕವನ್ನು ದಿನಾಲು ಓದುತ್ತೇವೆ. ಆ ಮಗಳ ಫೀಗಾಗಿ ಸಭೆಯಲ್ಲಿ ಹಣ ಕೂಡಿಸುವದು ಒಳ್ಳೇದು. ಆದರೆ ಅವಳ ತಂದೆಗೆ ಹೊಲದಲ್ಲಿ ಕೆಲಸ ಕೊಡದೆ, ಅವನ ಕೈಯ ಚಹವನ್ನು ಕುಡಿಯದೆ, ಫೀಯನ್ನು ಮಾತ್ರ ಕೊಟ್ಟರೆ ನಾವು ಬೇಲಿಯ ಒಳಗೆ ಶಾಲೆಯನ್ನು ಇಟ್ಟವರಾಗುವೆವು.

ಮುಂದಿನ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವವು. ಗುರುಗಳು ಹೊಸ ಪುಸ್ತಕದಲ್ಲಿ ಹೆಸರುಗಳನ್ನು ಬರೆಯುವರು. ನಮ್ಮ ನಮ್ಮ ಊರಿನ ಅಂಥ ಮನೆ ಯಾವದೆಂದು ನಮಗೆಲ್ಲರಿಗೂ ಗೊತ್ತುಂಟು. ಆ ಮನೆಯ ಮಗುವಿನ ಹೆಸರು ಆ ಪುಸ್ತಕದಲ್ಲಿ ಬಂದಿದೆಯೋ ಇಲ್ಲವೋ ಎಂದು ಒಬ್ಬರಾದರೂ ಹೋಗಿ ವಿಚಾರಿಸಲಿ.